ಅಂಗೈಯಲ್ಲಿದ್ದದ್ದು ಮೊಬೈಲ್ ಅಲ್ಲ

ಮನೆಯಲ್ಲಿ ಕೂತು ದುಡಿಯುವ ನೌಕರರನ್ನು ದೂರದಿಂದಲೇ ಕಾಯುವ ಮಾನ್ಯ ಮುಖ್ಯಸ್ಥರೇ,

ನಾನು ನಿಮ್ಮ ನೌಕರನಲ್ಲ. ಆದರೂ ನನ್ನ ಫೋಟೋ ನಿಮ್ಮ ಕಚೇರಿಯಲ್ಲಿದೆ. ಅದರ ಕೆಳಗೆ ‘ಅಪರಿಚಿತ ವ್ಯಕ್ತಿ, ಕೈಯಲ್ಲಿ ಮೊಬೈಲ್’ ಎಂದು ಬರೆದಿದೆಯಂತೆ. ಆ ಫೋಟೋದ ದೆಸೆಯಿಂದ ನನ್ನ ಸೊಸೆ ಹೇಮಶ್ರೀಗೆ ಮೊದಲ ಎಚ್ಚರಿಕೆ ಬಂತು. ಬೆನ್ನಿಗೇ ಎರಡನೆಯದೂ ಬಂತು. ಇನ್ನೊಂದು ಬಂದರೆ ಕೆಲಸದಿಂದ ತೆಗೆಯುತ್ತೀರಿ. ಮಗು ಹುಟ್ಟಿದಾಗ ಕೆಲಸ ಬಿಟ್ಟು, ಎಷ್ಟೋ ಕಡೆ ಅಲೆದು ಮತ್ತೆ ಸಂಪಾದಿಸಿಕೊಂಡ ಕೆಲಸ ಅದು. ಅಂದಹಾಗೆ, ಈ ಅಪರಿಚಿತ ವ್ಯಕ್ತಿ ನಿಮಗೆ ಸಿಕ್ಕಿದ್ದು ಎಲ್ಲಿ ಗೊತ್ತೇ? ಬಸವೇಶ್ವರನಗರದಲ್ಲಿ, ಅವನೇ ನಿಂತು ಕಟ್ಟಿಸಿದ ಮನೆಯ ಹಾಲಿನಲ್ಲಿ.

ಹೇಮಶ್ರೀ ನಿಮ್ಮ ಕಂಪನಿಗಾಗಿ ವಿಮೆ ಗ್ರಾಹಕರ ದೂರು ಕೇಳುವವಳು. ಅವಳ ಲ್ಯಾಪ್‌ಟಾಪಿನ ಕ್ಯಾಮೆರಾ ಆಗಾಗ ತನ್ನಷ್ಟಕ್ಕೆ ಫೋಟೋ ತೆಗೆದು ನಿಮಗೆ ಕಳಿಸುತ್ತದೆ. ನೀವು ನೇಮಿಸಿಕೊಂಡದ್ದು ಅವಳೊಬ್ಬಳನ್ನು. ಶಿಸ್ತಿಗೆ ಒಳಪಟ್ಟವರು ಮನೆಮಂದಿಯೆಲ್ಲ. ನನ್ನ ಹೆಂಡತಿ ಜಗದಾಂಬಾ, ನಲವತ್ತು ವರ್ಷ ನಮ್ಮ ಅಡುಗೆಮನೆ ಆಳಿದವಳು, ಈಗ ಬಾಗಿಲಲ್ಲಿ ನಿಂತು ಪಿಸುಗುಡುತ್ತಾಳೆ: “ಹೇಮಾ, ಮಿಕ್ಸಿ ಹಾಕ್ಲೇನೇ? ನಿಮ್ಮ ಸಾಹೇಬ್ರು ಏನೂ ಅನ್ನಲ್ವಾ?” ನಾನು ಕೆಮ್ಮು ಬಂದರೆ ಹಿತ್ತಲಿಗೆ ಓಡುತ್ತೇನೆ. ಇಷ್ಟೆಲ್ಲ ದುಡಿದರೂ ಸಂಬಳದ ಪಟ್ಟಿಗೆ ನಮ್ಮಿಬ್ಬರ ಹೆಸರು ಸೇರಿಸುವುದನ್ನು ತಾವು ಮರೆತಂತಿದೆ.

ಇನ್ನು ಆ ಮೊಬೈಲಿನ ವಿಚಾರ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಲ್ಲಿ ತೂಗುವ ಪುಟ್ಟ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜಿಸುವುದು, ಆಮೇಲೆ ಕಣ್ಣು ಕೀಲಿಸಿ ಅದನ್ನೇ ನೋಡುತ್ತ ಕೂರುವುದು ನಮ್ಮ ಮನೆತನದ ಪದ್ಧತಿ. ದೇವರ ಗೂಡು ಇರುವುದು ಹಾಲಿನಲ್ಲಿ. ದುರದೃಷ್ಟವಶಾತ್ ಇಂಟರ್ನೆಟ್ ಚೆನ್ನಾಗಿ ಸಿಗುವುದೂ ಅಲ್ಲೇ. ಹಾಗಾಗಿ ಸೊಸೆಯ ಬೆನ್ನ ಹಿಂದೆ ನಾನು ಫೋಟೋದಲ್ಲಿ ಬಿದ್ದೆ. ಕಪ್ಪಗಿನ ವಸ್ತು, ಅಂಗೈಯಲ್ಲಿದೆ, ಮನುಷ್ಯ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಾನೆ. ಗ್ರಾಹಕರ ಗುಟ್ಟು ಕದಿಯುವ ಮೊಬೈಲೇ ಸರಿ ಎಂದು ನಿಮ್ಮ ಯಂತ್ರ ತೀರ್ಪು ಕೊಟ್ಟಿತು. ಯಂತ್ರವನ್ನು ನಾನು ಬೈಯುವುದಿಲ್ಲ. ಈ ಕಾಲದಲ್ಲಿ ಅಷ್ಟು ಭಕ್ತಿಯಿಂದ ಜನ ಬೇರೇನನ್ನು ನೋಡುತ್ತಾರೆ, ಪಾಪ!

ಆದರೆ ಆ ಫೋಟೋವನ್ನು ಮನುಷ್ಯರೂ ನೋಡಿದ್ದಾರೆ ಸ್ವಾಮಿ. ಹೇಮಶ್ರೀಯ ತಂಡದ ಮ್ಯಾನೇಜರ್ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. “ಮೇಡಂ, ನೋಡಿದ ತಕ್ಷಣ ಗೊತ್ತಾಯ್ತು. ನಮ್ಮನೇಲೂ ಅಪ್ಪ ದಿನಾ ಲಿಂಗಪೂಜೆ ಮಾಡ್ತಾರೆ. ಆದ್ರೆ ಸಿಸ್ಟಮ್ ಫೋನ್ ಅಂದ್ಬಿಟ್ಟಿದೆ, ಅದನ್ನ ಬದಲಾಯ್ಸೋಕೆ ನಂಗೆ ಪವರ್ ಇಲ್ಲ. ಮಾವನವ್ರಿಗೆ ಬೇರೆ ಕಡೆ ಕೂರೋಕೆ ಹೇಳಿ, ಪ್ಲೀಸ್” ಅಂದರು. ಅವರ ಹೆಸರು ಹೇಳುವುದಿಲ್ಲ. ಅವರ ಮನೆಯಲ್ಲೂ ನಿಮ್ಮ ಕ್ಯಾಮೆರಾ ಇರಬಹುದು. ಗೊತ್ತಿದ್ದವರ ಕೈಯಲ್ಲಿ ಅಧಿಕಾರವಿಲ್ಲ, ಅಧಿಕಾರವಿರುವ ಯಂತ್ರಕ್ಕೆ ಏನೂ ಗೊತ್ತಿಲ್ಲ. ಇದಕ್ಕೆ ನಿಮ್ಮಲ್ಲಿ ಮೇಲ್ವಿಚಾರಣೆ ಎನ್ನುತ್ತಾರೆಯೇ?

ಮರುದಿನ ನಾನು ಯಾರಿಗೂ ಹೇಳದೆ ಆಸನ ಎತ್ತಿಕೊಂಡು ಮೆಟ್ಟಿಲ ತಿರುವಿಗೆ ಹೋದೆ. ಮಹಡಿಯ ಬಾಡಿಗೆದಾರರ ಚಪ್ಪಲಿ ಸ್ಟ್ಯಾಂಡ್ ಅಲ್ಲಿದೆ. ಅದಕ್ಕೆ ಬೆನ್ನು ಹಾಕಿ ಕೂತೆ. ಕರಡಿಗೆ ಬಿಚ್ಚುವಷ್ಟರಲ್ಲಿ ಹೇಮಶ್ರೀ ಬಂದಳು.

“ಮಾವ, ಇದೇನಿದು, ಚಪ್ಪಲಿ ಪಕ್ಕ ಕೂತಿದೀರಾ! ಏಳಿ, ಒಳಗೆ ಬನ್ನಿ.”

“ಬೇಡಮ್ಮಾ, ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ. ನೀನು ಹೋಗು, ಫೋಟೋ ತೆಗೆದುಬಿಡುತ್ತೆ.”

“ತೆಗೀಲಿ ಬಿಡಿ. ನೀವು ಏಳೋವರ್ಗೂ ನಾನೂ ಇಲ್ಲೇ ಕೂತಿರ್ತೀನಿ.”

ಹಾಗೆಂದು ಮೆಟ್ಟಿಲ ಮೇಲೆ ಕೂತೇಬಿಟ್ಟಳು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇಕೆ? ಎದ್ದು ಒಳಗೆ ಬಂದೆ. ಅಷ್ಟರಲ್ಲಿ ನಿಮ್ಮ ಕ್ಯಾಮೆರಾ ಖಾಲಿ ಕುರ್ಚಿಯ ಫೋಟೋ ತೆಗೆದಾಗಿತ್ತು. ನಿಮ್ಮ ಎರಡನೇ ಎಚ್ಚರಿಕೆಯಲ್ಲಿ ಅದನ್ನು ‘ಕಾರಣವಿಲ್ಲದ ಗೈರುಹಾಜರಿ’ ಎಂದು ಕರೆದಿದ್ದೀರಿ.

ನಾನೂ ಸರ್ಕಾರಿ ಕಚೇರಿಯಲ್ಲಿ ಮೇಲ್ವಿಚಾರಕನಾಗಿದ್ದೆ. ಕುರ್ಚಿಗೆ ಸ್ವೆಟರ್ ನೇತುಹಾಕಿ ಕಾಫಿಗೆ ಹೋಗುವ ಗುಮಾಸ್ತರು ನನ್ನ ಕೈಕೆಳಗಿದ್ದರು. ನಿಮ್ಮ ಕ್ಯಾಮೆರಾ ಅಂದು ಇದ್ದಿದ್ದರೆ ಆ ಸ್ವೆಟರುಗಳಿಗೆ ಬಡ್ತಿ ಸಿಗುತ್ತಿತ್ತು. ಹೇಮಶ್ರೀ ಎಷ್ಟು ಜನರ ದೂರು ಬಗೆಹರಿಸಿದಳು, ಎಷ್ಟು ಜನ ಥ್ಯಾಂಕ್ಸ್ ಹೇಳಿ ಫೋನಿಟ್ಟರು ಎಂದು ಎಂದಾದರೂ ವಿಚಾರಿಸಿದ್ದೀರಾ?

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಆ ಎರಡೂ ಎಚ್ಚರಿಕೆಗಳನ್ನು ಬರಹದ ಮೂಲಕ ಹಿಂತೆಗೆದುಕೊಳ್ಳಿ. ಅನುಮಾನವಿದ್ದರೆ ಒಬ್ಬ ಮನುಷ್ಯನನ್ನು ಕಳಿಸಿ, ಬಂದು ಹಾಲಿನಲ್ಲಿ ಕೂತು ಕಣ್ಣಾರೆ ನೋಡಲಿ. ಜಗದಾಂಬಾ ಕಾಫಿ ಕೊಡುತ್ತಾಳೆ. ನಾಳೆ ಬೆಳಿಗ್ಗೆಯೂ ನಾನು ಅಲ್ಲೇ ಕೂರುತ್ತೇನೆ, ಸೊಸೆಯ ಅಪ್ಪಣೆಯಾಗಿದೆ. ಮೂರನೇ ಎಚ್ಚರಿಕೆ ಕಳಿಸಲೇಬೇಕೆಂದಿದ್ದರೆ ಅವಳಿಗೆ ಬೇಡ, ನನಗೆ ಕಳಿಸಿ. ನನ್ನ ವಿಳಾಸ ನಿಮ್ಮಲ್ಲಿದೆ, ಮುಖವೂ ಇದೆ. ಹೆಸರೊಂದು ಇರಲಿಲ್ಲ, ಕೆಳಗೆ ಕೊಟ್ಟಿದ್ದೇನೆ.

ಇಂತಿ,
ತಮ್ಮ ಕಡತದ ಅಪರಿಚಿತ ವ್ಯಕ್ತಿ,
ಹೇಮಶ್ರೀಯ ಮಾವ
ಪಂಚಾಕ್ಷರಿ