ಹಲ್ಲುಜ್ಜಿಸಿಕೊಂಡ ಫಿಲ್ಟರು

ಮಾರ್ಚ್ ೯, ಬುಧವಾರ, ರಾತ್ರಿ.

ಈ ದಿನ ನಾನು, ಪೂರ್ಣ ಪ್ರಜ್ಞೆಯಲ್ಲಿದ್ದುಕೊಂಡೇ, ಅತ್ತೆಯವರ ಹಲ್ಲುಜ್ಜುವ ಬ್ರಷ್ಷನ್ನು ಕದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಕಾರಿನಿಂದ ಬಿಚ್ಚಿದ ಹಳೆಯ ಡೀಸೆಲ್ ಫಿಲ್ಟರಿನ ನಂಬರು ಮಣ್ಣಿನಲ್ಲಿ ಮುಚ್ಚಿಹೋಗಿತ್ತು. ಅದನ್ನು ಹೊಸದರ ನಂಬರಿಗೆ ತಾಳೆ ನೋಡಬೇಕಿತ್ತು. ಉಜ್ಜಿದ ಮೇಲೆ ಎರಡೂ ಅವಳಿಗಳಂತೆ ಹೊಳೆದವು.

ನಾಳೆ ಬೆಳಿಗ್ಗೆ ಅತ್ತೆಯವರ ಕಣ್ಣಿನ ಆಪರೇಷನ್. ನಿನ್ನೆ ಫಿಲ್ಟರು ಕಟ್ಟಿಕೊಂಡು ಕಾರು ಸೇತುವೆಯ ಮೇಲೆ ಕೆಮ್ಮಿ ಕೆಮ್ಮಿ ನಿಂತಿತ್ತು. ನಾಳೆಯೂ ನಿಂತರೆ ಡಾಕ್ಟರು ಮತ್ತೆ ಸಿಗುವುದು ಯಾವಾಗಲೋ.

"ಮೆಕ್ಯಾನಿಕ್‌ನ ಕರೀರಿ ಅಂದ್ರೆ ಕೇಳಲ್ಲ," ಅಂದಳು ಹೆಂಡತಿ.

"ನಾಲ್ಕು ತಿರುಪು ಬಿಚ್ಚೋಕೆ ಮೆಕ್ಯಾನಿಕ್ ಯಾಕೆ? ನಾನಿಲ್ವಾ?"

"ನೀವಿದ್ದೀರಿ ಅಂತಾನೇ ಭಯ."

ಅತ್ತೆ ಒಳಗಿಂದಲೇ ಕೂಗಿದರು: "ಅಳಿಯಂದ್ರೇ, ಟ್ಯಾಕ್ಸಿಗೆ ಹೇಳಿಡ್ಲಾ?"

ಡೀಸೆಲ್ಲು ಮೊಣಕೈಯವರೆಗೂ ಇಳಿಯಿತು. ಕೊನೆಗೆ ಕೀಲಿ ತಿರುಗಿಸಿದೆ. ಇಂಜಿನ್ ಒಂದೇ ಸಲಕ್ಕೆ ಓಗೊಟ್ಟಿತು! ಇಬ್ಬರೆದುರೂ ಮೀಸೆ ತಿರುವಿದೆ. ಗೆಲುವಿನ ಗುರುತಿಗೆ ಹಳೆಯ ಫಿಲ್ಟರನ್ನು ತಂದು ಮೇಜಿನ ಮೇಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಅದರ ಬಾಯಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ಮುಚ್ಚಳವಿರುವುದು ಇದೀಗ ಕಣ್ಣಿಗೆ ಬಿತ್ತು. ಅಂಗಡಿಯವನು ಹೊಸದನ್ನು ಕೊಟ್ಟಾಗ ಇದ್ದ ಮುಚ್ಚಳ.

ಹಲ್ಲುಜ್ಜಿಸಿದ ಹಳೆಯದನ್ನೇ ಕಾರಿಗೆ ವಾಪಸು ಕೂರಿಸಿದ್ದೇನೆ. ಕಣ್ಣಿನ ಆಪರೇಷನ್ ಆಗಬೇಕಾದ್ದು ನನಗೆ. ಈಗ ಅತ್ತೆಯವರನ್ನು ಎಬ್ಬಿಸಿ, ಟ್ಯಾಕ್ಸಿಗೆ ಹೇಳಿಬಿಡಿ ಎಂದು ಯಾವ ಬಾಯಲ್ಲಿ ಹೇಳಲಿ?