ಹನ್ನೊಂದು ಕರಿದಾರ

ನಂಜನಗೂಡು
೨ ನವೆಂಬರ್ ೨೦೨೫

ಪ್ರೀತಿಯ ಮಾನಸ,

ಹೆಮ್ಮಿಗೆಯಲ್ಲಿ ನೀವೆಲ್ಲ ಕ್ಷೇಮ ಎಂದು ನಿನ್ನ ಮೆಸೇಜಿನಿಂದ ತಿಳಿದು ಸಮಾಧಾನವಾಯಿತು. ‘ಹೊಸ ಮರಿ ಬಂದಿದೆ, ಫೆಬ್ರವರಿಯಲ್ಲಿ ತಮ್ಮನ ಮದುವೆ, ಹತ್ತು ದಿನ ನಿನ್ನ ಹತ್ರ ಬಿಡ್ಲಾ’ ಎಂದು ನೀನು ಕೇಳಿ ಮೂರು ವಾರವಾಯಿತು. ಓದಿ ಸುಮ್ಮನಿದ್ದೆ. ಅದೇನು ದೊಡ್ಡದು, ನೀನು ನನ್ನ ಹತ್ತಿರ ಬಿಟ್ಟಿದ್ದ ನಾಯಿ ಚಿಕ್ಕಿ ನಮ್ಮ ಗೇಟಿನಾಚೆ ಲಾರಿಗೆ ಸಿಕ್ಕಿ ಹೋದ ಮೇಲೆ ಎರಡು ವರ್ಷ ನಿನ್ನ ಫೋನನ್ನೇ ಎತ್ತಲಿಲ್ಲ. ಅವತ್ತು ನೀನು ಒಂದು ಮಾತು ಬೈದವಳಲ್ಲ. ‘ನಿನ್ ತಪ್ಪೇನಿದೆ, ಅಳ್ಬೇಡ ಸುಮ್ನಿರು’ ಎಂದು ನನಗೇ ಸಮಾಧಾನ ಹೇಳಿದವಳು. ನನ್ನನ್ನು ಕ್ಷಮಿಸು. ಮರಿಯ ವಿಷಯಕ್ಕೆ ಉತ್ತರ ಕೊಡುತ್ತೇನೆ, ಮೊದಲು ಇಲ್ಲಿಯ ಸುದ್ದಿ ಕೇಳು.

ಊರಿಗೆ ಹೋಗುವವರ ನಾಯಿ ನೋಡಿಕೊಳ್ಳುವ ನನ್ನ ನಾಯಿಮನೆ ಚೆನ್ನಾಗಿ ನಡೆಯುತ್ತಿದೆ. ಈಗಲೂ ಸಣ್ಣ ಜಾತಿಯವಕ್ಕೆ ಮಾತ್ರ ಪ್ರವೇಶ. ಮಾವನವರ ಬೆಲ್ಲದ ಅಂಗಡಿಯ ತಕ್ಕಡಿಯಲ್ಲಿ ಕೂರಿಸಿ ತೂಗುತ್ತೇನೆ, ಎಂಟು ಕಿಲೋ ದಾಟಿದರೆ ಬೇಡ. ಗೇಟಿಗೆ ಸ್ಪ್ರಿಂಗ್ ಹಾಕಿಸಿದ್ದೇನೆ, ತಾನಾಗಿ ಮುಚ್ಚಿಕೊಳ್ಳುತ್ತದೆ. ಹಾಲು ಈಗಲೂ ರಾಮಯ್ಯನದೇ. ನಮ್ಮ ಅತ್ತೆ ಚನ್ನಾಜಮ್ಮನವರ ಕಾನೂನೂ ಹಾಗೇ ಇತ್ತು. ನಾಯಿ ಹಿತ್ತಲಲ್ಲಿರಬೇಕು, ಹೊಸಿಲು ದಾಟಕೂಡದು.

ದೀಪಾವಳಿಗೆ ಹನ್ನೊಂದು ನಾಯಿ ಬಂದವು. ಅದರಲ್ಲಿ ಎರಡು ಬಿಳಿ ಪಾಮೇರಿಯನ್. ಒಂದು ಸುತ್ತೂರಿನ ಮಹಾದೇವಸ್ವಾಮಿ ಮೇಷ್ಟ್ರ ಮುತ್ತು, ಇನ್ನೊಂದು ಇಲ್ಲಿಯ ಬೇಕರಿ ಗುರುಬಸಮ್ಮನವರ ಬೆಳ್ಳಿ. ಸ್ನಾನ ಮಾಡಿಸಿ ಕೊರಳಪಟ್ಟಿ ಬಿಚ್ಚಿದರೆ ಯಾವುದು ಯಾವುದೆಂದು ತಿಳಿಯದಷ್ಟು ಒಂದೇ ಥರ. ಯಾವ ಹೆಸರು ಕರೆದರೂ ಎರಡೂ ಓಡಿಬರುತ್ತಿದ್ದವು, ಕೈಯಲ್ಲಿ ಬಿಸ್ಕತ್ತಿದ್ದರೆ ಸಾಕು. ನಾನು ಬಹಳ ಜಾಣೆ ಅಲ್ಲವೇ, ಮುತ್ತುವಿನ ಕೊರಳಿಗೆ ಗುರುತಿಗೆಂದು ಒಂದು ಕರಿದಾರ ಕಟ್ಟಿದೆ.

ಹಬ್ಬದ ಸಂಜೆ ಬೀದಿಯಲ್ಲಿ ಪಟಾಕಿ ಶುರುವಾಯಿತು. ಹನ್ನೊಂದೂ ಗಡಗಡ ನಡುಗುತ್ತಾ ಮೂಲೆ ಸೇರಿದವು. ಅತ್ತೆ ನಡುಮನೆಯಿಂದ ನೋಡಿದರು. ಐದು ನಿಮಿಷ ತಡೆದುಕೊಂಡಿರಬಹುದು. ಆಮೇಲೆ, ‘ಮಕ್ಕ ಬೆಚ್ಚಿ ಬಿದ್ದವೆ, ಅದೇನ್ ನಿಂತ್ಕಂಡ್ ನೋಡ್ತೀಯೆ, ಒಳೀಕ್ ಬಿಡು’ ಎಂದು ನನಗೇ ಗದರಿಸಿದರು. ಕಿಟಕಿ ಇಲ್ಲದ ಉಗ್ರಾಣದ ಬಾಗಿಲು ತೆಗೆದು, ಚಾಪೆ ಹಾಸಿ, ನಡುವೆ ತಾವೇ ಕೂತರು. ಒಂದು ಪಗ್ ತೊಡೆಯ ಮೇಲೆ ಹತ್ತಿ ಗೊರಕೆ ಹೊಡೆಯಿತು. ಹದಿನೆಂಟು ವರ್ಷದಲ್ಲಿ ಅತ್ತೆಯನ್ನು ಅಷ್ಟು ಚೆಂದವಾಗಿ ನಾನು ನೋಡಿರಲಿಲ್ಲ, ಮಾನಸ. ಸಂತೋಷದಲ್ಲಿ ಅಡುಗೆಮನೆಗೆ ಹೋಗಿ ಎಲ್ಲರಿಗೂ ಒಬ್ಬಟ್ಟು ಕಾಯಿಸಿದೆ.

ಅಲ್ಲೇ ಎಡವಟ್ಟಾಯಿತು. ಬೆಚ್ಚಿದ ಮಕ್ಕಳಿಗೆ ದಾರ ಕಟ್ಟಬೇಕಲ್ಲ. ನಾನು ಒಲೆಯ ಮುಂದಿದ್ದಾಗ ಅತ್ತೆ ಮಂತ್ರಿಸಿ ಹತ್ತಕ್ಕೂ ಕರಿದಾರ ಕಟ್ಟಿದ್ದಾರೆ. ಒಂದಕ್ಕೆ ಮೊದಲೇ ಇದ್ದದ್ದು ಕಂಡು, ‘ನನ್ನ ಸೊಸೆಗೂ ಬುದ್ಧಿ ಅದೆ’ ಅಂದುಕೊಂಡರಂತೆ.

ನಾಲ್ಕನೆಯ ದಿನ ಮೇಷ್ಟ್ರು ಆಟೋ ಹುಚ್ಚಯ್ಯನನ್ನು ಕಳಿಸಿದರು. ಎರಡು ಬಿಳಿಯವನ್ನೂ ನೋಡಿದೆ, ಎರಡು ಕರಿದಾರ ಕಂಡವು. ಮೇಷ್ಟ್ರಿಗೆ ಫೋನ್ ಮಾಡಿ ಕೇಳಲು ನಾಚಿಕೆಯಾಗಿ, ಇದೇ ಇರಬೇಕೆಂದು ಒಂದನ್ನು ಬುಟ್ಟಿಯಲ್ಲಿ ಕೂರಿಸಿ ಕಳಿಸಿದೆ. ಗಂಟೆಯೊಳಗೆ ಗುರುಬಸಮ್ಮನವರು ಬಂದು, ಉಳಿದದ್ದರ ಮುಖ ನೋಡಿ, ‘ಇದು ನಮ್ ಬೆಳ್ಳಿ ಅಲ್ಲ ಕಣವ್ವ’ ಅಂದರು.

ನಂಜೇಶ್ ನನ್ನನ್ನು ಪಕ್ಕಕ್ಕೆ ಕರೆದು, ‘ಆಟೋದವನು ಬದಲಾಯಿಸ್ಕೊಂಡು ಹೋದ ಅಂದ್ಬಿಡೆ, ಅವನೇನು ಇಲ್ಲಿದ್ದಾನಾ’ ಎಂದು ಪಿಸುಗುಟ್ಟಿದರು. ಗಂಡ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಅದು ಹೇಗೋ, ‘ನಾನೇ ತಪ್ಪಾಗಿ ಕೊಟ್ಟೆ, ಅಮ್ಮ’ ಎಂದುಬಿಟ್ಟೆ.

ಬೇಕರಿಯ ವ್ಯಾನಿನಲ್ಲಿ ಮುತ್ತುವನ್ನು ಕೂರಿಸಿಕೊಂಡು ಇಬ್ಬರೂ ಸುತ್ತೂರಿಗೆ ಹೋದೆವು. ಮೇಷ್ಟ್ರು ಜಗಲಿಯ ಮೇಲೆ ಬೆಳ್ಳಿಗೆ ಮೊಸರನ್ನ ತಿನ್ನಿಸುತ್ತಿದ್ದರು. ನನ್ನನ್ನು ಕಂಡವರೇ, ‘ಏನ್ ಟ್ರೈನಿಂಗ್ ಕೊಟ್ಟಿದ್ದೀಯಮ್ಮ. ಕೂತ್ಕೋ ಅಂದ್ರೆ ಕೂತ್ಕೊಳ್ತದೆ. ಒಂದು ಚಪ್ಪಲಿನೂ ಕಚ್ಚಿಲ್ಲ’ ಎಂದು ಹೊಗಳತೊಡಗಿದರು. ಅಷ್ಟರಲ್ಲಿ ಮುತ್ತು ನನ್ನ ಕೈಯಿಂದ ಹಾರಿ, ಓಡಿಹೋಗಿ, ಅವರು ಮಡಿಸಿಟ್ಟಿದ್ದ ಪೇಪರಿನ ಮೇಲೆ ಉಚ್ಚೆ ಹೊಯ್ದು, ಒಂದು ಚಪ್ಪಲಿ ಕಚ್ಚಿಕೊಂಡು ನಿಂತಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, ‘ಓ, ಇದು ನಮ್ದು’ ಅಂದರು. ಗುರುಬಸಮ್ಮ ಕಂಬ ಹಿಡಿದುಕೊಂಡು ನಕ್ಕರು. ನಾನೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ.

ಬರುವಾಗ ವ್ಯಾನಿನಲ್ಲಿ ಗುರುಬಸಮ್ಮ, ‘ಮುಂದಿನ ತಿಂಗಳೂ ನಿನ್ನ ಹತ್ರನೇ ಬಿಡ್ತೀನಿ. ಸುಳ್ಳು ಹೇಳಲ್ಲ ನೀನು’ ಅಂದರು. ಆಗ ನನಗೆ ನಗು ಬರಲಿಲ್ಲ.

ಅತ್ತೆಯ ಕಾನೂನು ಆ ಸಂಜೆಯೇ ರದ್ದಾಗಿದೆ. ಈಗ ಬೆಳಗಿನ ಪೂಜೆ ಮುಗಿಸಿ, ನನಗಿಂತ ಮೊದಲು ನಾಯಿಗಳನ್ನೇ ಮಾತಾಡಿಸುತ್ತಾರೆ. ನಿನ್ನ ಮರಿಗೂ ಒಂದು ದಾರ ತೆಗೆದಿಟ್ಟಿದ್ದಾರೆ.

ನಿನ್ನ ತಮ್ಮನ ಮದುವೆ ಸುಸೂತ್ರವಾಗಿ ಆಗಲಿ. ನಿನ್ನ ಮನೆಯಲ್ಲಿ ಎರಡು ಕಾಲಿನವರೂ ನಾಲ್ಕು ಕಾಲಿನವರೂ ನೂರ್ಕಾಲ ನಗುತ್ತಿರಲಿ.

ನಿನ್ನ
ನಂದಿತಾ

ಮ.ವಿ.: ಚಿಕ್ಕಿ ಹೋದ ದಿನ ಗೇಟು ತೆಗೆದಿಟ್ಟು ಹೋದವನು ಹಾಲಿನ ರಾಮಯ್ಯ ಎಂದು ನಿನಗೂ ಇಲ್ಲಿ ಎಲ್ಲರಿಗೂ ಹೇಳಿದ್ದೆ. ಅವನಲ್ಲ, ನಾನು. ಫೋನಿನಲ್ಲಿ ಮಾತಾಡುತ್ತಾ ಒಳಗೆ ಬಂದವಳು ಚಿಲಕ ಹಾಕಲಿಲ್ಲ. ನೀನು ನನ್ನನ್ನು ಸಮಾಧಾನ ಮಾಡಿದಷ್ಟೂ ನಿಜ ಹೇಳುವ ಧೈರ್ಯ ಹೋಯಿತು, ಆಮೇಲೆ ನಿನ್ನ ದನಿ ಕೇಳುವ ಧೈರ್ಯವೂ ಹೋಯಿತು. ಇದನ್ನು ಓದಿದ ಮೇಲೂ ಮರಿಯನ್ನು ನನ್ನ ಕೈಗೆ ಕೊಡುವ ಮನಸ್ಸಿದ್ದರೆ ತಾ. ಇಲ್ಲದಿದ್ದರೆ ಒಂದು ಸಲ ಬಂದು ಬೈದು ಹೋಗು.

ಇವತ್ತು ಬೆಳಿಗ್ಗೆ ರಾಮಯ್ಯನಿಗೂ ಹೇಳಿದೆ. ಅವನು ಕ್ಯಾನು ಕೆಳಗಿಟ್ಟು, ‘ನಂಗೊತ್ತಿತ್ತು ಕಣವ್ವ. ನಾನ್ ಬರೋ ಒತ್ಗೆ ಗೇಟ್ ತೆಗ್ದೇ ಇತ್ತು. ನೀನೇ ಒಂದಿನ ಯೋಳ್ತೀಯ ಅಂತ ಸುಮ್ಕಿದ್ದೆ’ ಅಂದ. ಈ ಎರಡು ವರ್ಷ ಅವನು ಒಂದು ದಿನವೂ ತಪ್ಪಿಸದೆ ನಮಗೆ ಹಾಲು ಹಾಕಿದ್ದಾನೆ, ಮಾನಸ. ಹೋಗುವಾಗ ಪ್ರತಿದಿನ ಗೇಟು ಎಳೆದು ನೋಡಿ ಹೋಗುತ್ತಿದ್ದ.