ಆಲೂಗಡ್ಡೆ ಜಿಲ್ಲೆಯ ತೀರ್ಥ

ಫೋರ್ ಎಸ್ ರ್ಯಾಂಚ್, ಸ್ಯಾನ್ ಡಿಯೇಗೊ
18 ಆಗಸ್ಟ್ 2024

ಪೆರು ದೇಶದ ಪರ್ವತದ ಮೇಲಿನ ಪುಟ್ಟ ಜಿಲ್ಲೆಯ ಸನ್ಮಾನ್ಯ ಮೇಯರ್ ಅವರೇ, ಬಿಸಿಲಿಗೆ ಬೆನ್ನೊಡ್ಡಿ ಕುಳಿತ ಗಣ್ಯರೇ, ಯಾರ ಮಾತನ್ನೂ ಕೇಳದ ಉದ್ದ ಕತ್ತಿನ, ಉಣ್ಣೆ ಮೈಯ ಆಲ್ಪಾಕಾಗಳೇ, ಅವುಗಳ ಜೊತೆ ಸೇರಿ ಹಾಗೇ ಆಗಿರುವ ನನ್ನ ಮಗಳೇ,

ಮುದ್ದು ಮೇಧಾ, ಆಶೀರ್ವಾದಗಳು. ನಿಮ್ಮಲ್ಲಿಂದ ಬಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೇಸರಿಸಬೇಡ. ಕನ್ನಡದಲ್ಲೇ ಓದು, ಅಳುತ್ತಿದ್ದ ನಿನ್ನನ್ನು ಭಾನುವಾರದ ಕನ್ನಡ ಶಾಲೆಗೆ ಡ್ರೈವ್ ಮಾಡಿಕೊಂಡು ಹೋದದ್ದು ವ್ಯರ್ಥವಾಗಬಾರದು.

ಅಪ್ಪನ ಸಿಟ್ಟು ಇನ್ನೂ ಇಳಿದಿಲ್ಲ. ಇಲ್ಲಿನ ಟೊರ್ರಿ ಪೈನ್ಸ್‌ನ ಲ್ಯಾಬ್ ಕೆಲಸ ಬಿಡುವಾಗ ನೀನು ಒಂದೇ ವರ್ಷ ಅಂದಿದ್ದೆ. ಈಗ ಅಲ್ಲಿನ ಆರೋಗ್ಯ ಕೇಂದ್ರದಲ್ಲೇ ಉಳಿಯುತ್ತೀಯಂತೆ. ಲಾಸ್ ಏಂಜಲೀಸ್‌ನಲ್ಲಿ ವಿಮಾನ ಇಳಿದು ಮನೆ ಮುಟ್ಟುವವರೆಗೂ ಕಾರಿನಲ್ಲಿ ಮಾತಿಲ್ಲ. ನಿನ್ನ ವಿಡಿಯೋ ಕಾಲ್ ಬಂದರೆ ಅವರಿಗೆ ಗ್ಯಾರೇಜಿನಲ್ಲಿ ಏನೋ ಕೆಲಸ.

ಜಿಲ್ಲೆ ಅಂದರೆ ನಾನು ನಮ್ಮ ವಿಜಯಪುರದಷ್ಟು ಅಂದುಕೊಂಡಿದ್ದೆ. ನಿಮ್ಮದೋ ಒಂದು ಚರ್ಚು, ಒಂದು ಶಾಲೆ, ಬೀಗ ಹಾಕಿದ ಒಂದು ಕಚೇರಿ; ಬೀಗದ ಕೈ ಮೇಯರ್ ಬಳಿ, ಮೇಯರ್ ಹೊಲದಲ್ಲಿ. ಎತ್ತ ನೋಡಿದರೂ ಗುಡ್ಡೆ, ಏನು ಕೇಳಿದರೂ ಆಲೂಗಡ್ಡೆ.

ಆ ಮೇಯರ್ ಮೆಕ್ಕೆಜೋಳದ ಪಾನೀಯವನ್ನು ಮೊದಲು ಭೂಮಿತಾಯಿಗೆ ನಾಲ್ಕು ಹನಿ ಚೆಲ್ಲಿ, ಬಟ್ಟಲನ್ನು ನನ್ನತ್ತ ಚಾಚಿದರು. ನಾನು ಗುಡಿಯ ಅಭ್ಯಾಸದಂತೆ ಬಲಗೈ ಒಡ್ಡಿಬಿಟ್ಟೆ. ಪಾಪ, ಅವರು ಅಂಗೈಗೇ ಸುರಿದರು. ಗುಟುಕರಿಸಿ ಉಳಿದದ್ದನ್ನು ತಲೆಗೆ ಸವರಿಕೊಂಡೆ. "ರಜನಿ, ಅದು ತೀರ್ಥ ಅಲ್ಲ, ಬೀರ್," ಎಂದು ಅಪ್ಪ ಪಿಸುಗುಟ್ಟುವಷ್ಟರಲ್ಲಿ ಮೇಯರೂ ಭಕ್ತಿಯಿಂದ ತಲೆಗೆ ಸವರಿಕೊಂಡರು. ಅವರ ಹಿಂದೆ ಸಾಲಾಗಿ ಊರೇ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ಚಳಿಗೆ ಕಿವಿ ಮುಚ್ಚಿಕೋ, ಅಪ್ಪನ ಮಾತಿಗೆ ಮುಚ್ಚಬೇಡ. ನೀನು ಹತ್ತುವ ಗುಡ್ಡವೆಲ್ಲ ನಿನ್ನ ಉಸಿರಿಗೆ ಸಲೀಸಾಗಲಿ.

ನಿನ್ನ ಅಮ್ಮ,
ರಜನಿ

ಮರೆತ ಮಾತು: ಅಪ್ಪನಿಗೆ ಸಿಟ್ಟಿಲ್ಲ, ಮೇಧಾ. ಮುಂದಿನ ವರ್ಷ ನಿಮ್ಮಲ್ಲಿಗೆ ಬರಲೆಂದು ಆಗಲೇ ಉಣ್ಣೆ ಟೋಪಿ ಕೊಂಡಿದ್ದಾರೆ. ಕಾರಿನಲ್ಲಿ ಬಾಯಿ ಬಿಡದವಳು ನಾನು. ನಿನ್ನ ಕಾಲ್ ಬಂದಾಗ ಅವರನ್ನು ಗ್ಯಾರೇಜಿಗೆ ಅಟ್ಟುವವಳೂ ನಾನೇ. ಆ ತೀರ್ಥದ ದಿನ ನಾನು ನಾಚಿ ನಿಂತಾಗ, ಮಾತು ಬಂದಾಗಿನಿಂದ ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ನೀನು, ನನ್ನ ತಲೆ ಒರೆಸುತ್ತ ಕನ್ನಡದಲ್ಲಿ ಅಂದೆ: "ಏನೂ ಆಗಲ್ಲ ಅಮ್ಮಾ, ಇದು ನಮ್ಮೂರು." ನಿನ್ನ ಬಾಯಿಂದ ಆ ಮಾತಿಗಾಗಿ ನಾನು ರಜೆಗೆ ಹೋದಾಗಲೆಲ್ಲ ವಿಜಯಪುರದಲ್ಲಿ ಕಾದಿದ್ದೆ, ಈ ಮನೆಯಲ್ಲೂ ಕಾದಿದ್ದೆ; ನೀನು ಅಂದದ್ದು ಅಲ್ಲಿ.